ಕತ್ತರಿ ಹಿಡಿದ ಚಿತ್ರಗಾರ ಜಾನ್ ಹಾರ್ಟ್‌ಫೀಲ್ಡ್

ನಮ್ಮ ರಾಯದುರ್ಗ, ಮಡಕಶಿರಾ ಪೇಟೆಗಳ ಗೋಡೆಗಳನ್ನು ಕಂಡವರಿಗೆ ಕೊಲಾಜ್ ಎಂಬ ಕಲೆಯ ಬಗ್ಗೆ ಹೆಚ್ಚು ವಿವರಣೆ ಬೇಕಾಗದು. ಚುನಾವಣೆಯ ಭಿತ್ತಿಪತ್ರದ ಮೇಲೆ ಸಿನಿಮಾದ್ದು, ಅದರ ಮೇಲೆ ಜಾತ್ರೆಯದು. ಒಂದು ತೆಲುಗಿನಲ್ಲಿ, ಇನ್ನೊಂದು ಕನ್ನಡದಲ್ಲಿ. ಮಳೆಗೆ ನೆನೆದು ಅರ್ಧಂಬರ್ಧ ಕಿತ್ತು ಬಂದಾಗ ಮುಖಂಡರ ತಲೆಗೆ ನಟನ ಮೈ ಕೂಡಿಕೊಂಡು, ಯಾರೂ ಬರೆಯದ ಒಂದು ವಿಡಂಬನೆ ತಾನಾಗಿ ಹುಟ್ಟುತ್ತದೆ. ಮಳೆಗಾಳಿ ಅರಿಯದೆ ಮಾಡುವ ಈ ಕೆಲಸವನ್ನು ಬುದ್ಧಿಪೂರ್ವಕವಾಗಿ ಮಾಡಿ, ಹಿಟ್ಲರನ ಆಡಳಿತದ ನಿದ್ದೆಗೆಡಿಸಿದವನು ಜರ್ಮನಿಯ ಜಾನ್ ಹಾರ್ಟ್‌ಫೀಲ್ಡ್.

ಈತನ ಹುಟ್ಟುಹೆಸರು ಹೆಲ್ಮುಟ್ ಹರ್ಟ್ಸ್‌ಫೆಲ್ಡ್. ಜನನ 1891ರ ಜೂನ್ 19ರಂದು, ಬರ್ಲಿನ್ ನಗರದಲ್ಲಿ. ತಂದೆ ಸಮಾಜವಾದಿ ಲೇಖಕ, ತಾಯಿ ಜವಳಿ ಕೆಲಸಗಾರ್ತಿ. ತಂದೆಯ ಬರವಣಿಗೆ ದೇವನಿಂದನೆ ಎಂದು ತೀರ್ಪಾದ ಮೇಲೆ ಸಂಸಾರ ಸ್ವಿಟ್ಜರ್ಲೆಂಡಿಗೂ ಅಲ್ಲಿಂದ ಆಸ್ಟ್ರಿಯಾಕ್ಕೂ ಓಡಿತು. 1899ರಲ್ಲಿ ಒಂದು ದಿನ ತಂದೆತಾಯಿ ಇಬ್ಬರೂ ನಾಲ್ಕು ಮಕ್ಕಳನ್ನು ಬೆಟ್ಟದ ಗುಡಿಸಲಿನಲ್ಲಿ ಬಿಟ್ಟು ಕಣ್ಮರೆಯಾದರು. ಹೆಲ್ಮುಟ್ ಎಲ್ಲರಿಗಿಂತ ಹಿರಿಯ; ಆಗ ಅವನಿಗೆ ಎಂಟು ವರ್ಷ. ಹಳ್ಳಿಯ ಮುಖ್ಯಸ್ಥ ಮಕ್ಕಳನ್ನು ತನ್ನ ಮನೆಗೆ ಕರೆದೊಯ್ದು ಸಾಕಿದ. ಕಿರಿಯ ತಮ್ಮ ವೀಲಾಂಡ್ ಮುಂದೆ ಜೀವಮಾನವಿಡೀ ಅಣ್ಣನ ಜೊತೆಗಾರನಾದ.

ಪುಸ್ತಕದಂಗಡಿಯಲ್ಲಿ ದುಡಿದು, 1908ರಲ್ಲಿ ಮ್ಯೂನಿಕ್ ನಗರದ ಕಲಾಶಾಲೆ ಸೇರಿ, ಪುಸ್ತಕಗಳ ಹೊದಿಕೆ ಬರೆಯುವುದನ್ನು ವೃತ್ತಿಯಾಗಿಸಿಕೊಂಡ. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಸೈನ್ಯಕ್ಕೆ ಎಳೆದೊಯ್ದರು, ಹುಚ್ಚನಂತೆ ನಟಿಸಿ ಬಿಡಿಸಿಕೊಂಡು ಬಂದ. ಇಂಗ್ಲೆಂಡನ್ನು ದೇವರು ಶಿಕ್ಷಿಸಲಿ ಎಂದು ಬೀದಿಬೀದಿಯಲ್ಲಿ ಜನ ಪರಸ್ಪರ ವಂದಿಸುತ್ತಿದ್ದ ಕಾಲ ಅದು. ಆ ದ್ವೇಷವನ್ನು ಪ್ರತಿಭಟಿಸಲು 1916ರಲ್ಲಿ ತನ್ನ ಹೆಸರನ್ನೇ ಶತ್ರುವಿನ ಭಾಷೆಗೆ ತಿರುಗಿಸಿ ಜಾನ್ ಹಾರ್ಟ್‌ಫೀಲ್ಡ್ ಎಂದಿಟ್ಟುಕೊಂಡ. ಹೊಟ್ಟೆಪಾಡಿಗಾಗಿ ಹೆಸರು ಬದಲಿಸುವವರುಂಟು, ಹೆದರಿ ಬದಲಿಸುವವರೂ ಉಂಟು. ಅಪಾಯವನ್ನು ಕರೆದು ಮನೆಯೊಳಗೆ ಕೂರಿಸಿಕೊಳ್ಳಲು ಬದಲಿಸಿದವರು ವಿರಳ. ರಾಯದುರ್ಗವು 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಕಾಸರಗೋಡು 1956ರಲ್ಲಿ ಕೇರಳದ ಪಾಲಾಯಿತು. ಆಡುವ ನುಡಿಯಿಂದಲೇ ಮನುಷ್ಯನ ನಿಷ್ಠೆಯನ್ನು ಅಳೆಯುವವರನ್ನು ಗಡಿನಾಡಿನವರಾದ ನಾವು ಕಂಡಿಲ್ಲವೇ? ಹಾರ್ಟ್‌ಫೀಲ್ಡ್ ಎದುರಿಸಿದ್ದು ಅಂಥದೇ ಅಳತೆಗೋಲನ್ನು, ಅದೂ ಯುದ್ಧದ ನಡುವೆ.

ತಮ್ಮ ವೀಲಾಂಡ್ 1917ರಲ್ಲಿ ಮಾಲಿಕ್ ಎಂಬ ಪ್ರಕಾಶನ ತೆರೆದ. ಚಿತ್ರಗಾರ ಗ್ರೋಸ್ ಜೊತೆಗೂಡಿದ. ಇವರೆಲ್ಲ ಸೇರಿ 1920ರಲ್ಲಿ ಬರ್ಲಿನ್‌ನಲ್ಲಿ ನಡೆಸಿದ ಪ್ರದರ್ಶನದಲ್ಲಿ, ಸೈನಿಕನ ಸಮವಸ್ತ್ರ ತುಂಬಿ ಹಂದಿಯ ಮುಖವಾಡ ತೊಡಿಸಿದ ಬೊಂಬೆಯೊಂದನ್ನು ಮಾಳಿಗೆಯಿಂದ ನೇತುಹಾಕಿದ್ದರು. ಹಾರ್ಟ್‌ಫೀಲ್ಡ್ ಮತ್ತು ಶ್ಲಿಶ್ಟರ್ ಕೂಡಿ ಮಾಡಿದ ಬೊಂಬೆ ಅದು. ಬಟ್ಟೆ, ಕಾಗದ, ಬರಹದ ಹಲಗೆ, ಎಲ್ಲ ಒಂದಾದ ಕೃತಿ. ಸೈನ್ಯಕ್ಕೆ ಅವಮಾನವೆಂದು ಪ್ರದರ್ಶನದ ಮೇಲೆ ಮೊಕದ್ದಮೆ ನಡೆದು ಗ್ರೋಸ್ ಮತ್ತು ವೀಲಾಂಡ್ ದಂಡ ತೆತ್ತರು.

ಈತನ ನಿಜವಾದ ಕಾಲ 1930ರಿಂದ ಆರಂಭ. ಮ್ಯೂನ್ಸೆನ್‌ಬರ್ಗ್ ಎಂಬ ಸಂಘಟಕ ಕಾರ್ಮಿಕರಿಗಾಗಿ ಹೊರಡಿಸುತ್ತಿದ್ದ ಸಚಿತ್ರ ವಾರಪತ್ರಿಕೆಗೆ, ಮುಂದಿನ ಎಂಟು ವರ್ಷಗಳಲ್ಲಿ ಇನ್ನೂರಕ್ಕೂ ಮಿಕ್ಕಿ ಚಿತ್ರಗಳನ್ನು ಕೊಟ್ಟ. (ನೆಹರೂ ಭಾಗವಹಿಸಿದ 1927ರ ಬ್ರಸೆಲ್ಸ್ ಸಾಮ್ರಾಜ್ಯಶಾಹಿ ವಿರೋಧಿ ಸಮ್ಮೇಳನವನ್ನು ನಡೆಸಿದವನೂ ಇದೇ ಮ್ಯೂನ್ಸೆನ್‌ಬರ್ಗ್. ಅದರಿಂದ ಹುಟ್ಟಿದ ಸಂಘದಲ್ಲಿ ಕಾರ್ಯದರ್ಶಿಯಾಗಿ ದುಡಿದ ವೀರೇಂದ್ರನಾಥ ಚಟ್ಟೋಪಾಧ್ಯಾಯರು ನಮ್ಮ ಮಂಗಳೂರಿನ ಕಮಲಾದೇವಿಯವರಿಗೆ ಗಂಡನ ಅಣ್ಣ.)

ಕೆಲಸದ ರೀತಿ ಹೀಗೆ. ಹಾರ್ಟ್‌ಫೀಲ್ಡ್ ಸ್ವತಃ ಫೋಟೋ ತೆಗೆಯುತ್ತಿರಲಿಲ್ಲ. ಪತ್ರಿಕೆಗಳಿಂದ ಆಯ್ದುಕೊಳ್ಳುವುದು, ಬೇಕಾದದ್ದು ಸಿಗದಿದ್ದರೆ ಛಾಯಾಗ್ರಾಹಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೆಗೆಸುವುದು. ಕತ್ತರಿಸಿ, ಅಂಟಿಸಿ, ಬೆಸುಗೆಯ ಗೆರೆ ಕಾಣದಂತೆ ಬಣ್ಣ ತೀಡಿಸಿ, ಇಡೀ ಚಿತ್ರವನ್ನು ಮತ್ತೊಮ್ಮೆ ಫೋಟೋ ತೆಗೆಸುವುದು. ಕೌದಿ ಹೊಲಿಯುವ ನಮ್ಮ ಸೀಮೆಯ ಅಜ್ಜಿಯರು ತುಂಡುಗಳ ಅಂಚನ್ನು ಮುಚ್ಚಿಡುವುದಿಲ್ಲ, ಹೊಲಿಗೆ ಕಾಣುವುದೇ ಕೌದಿಯ ಅಂದ. ಇವನದು ತದ್ವಿರುದ್ಧ. ಅಂಚು ಮರೆಯಾದಷ್ಟೂ ನೋಡುವವನು ಕ್ಷಣಕಾಲ ನಿಜವೆಂದೇ ನಂಬಿ, ಮರುಕ್ಷಣ ಬೆಚ್ಚಬೇಕು.

1932ರ ಒಂದು ಚಿತ್ರದಲ್ಲಿ ಭಾಷಣ ಮಾಡುತ್ತಿರುವ ಹಿಟ್ಲರನ ಎದೆಯ ಎಕ್ಸ್‌ರೇ ಇದೆ. ಬೆನ್ನೆಲುಬಿನ ಜಾಗದಲ್ಲಿ ಚಿನ್ನದ ನಾಣ್ಯಗಳ ಸಾಲು. ಆ ವರ್ಷ ಇದು ಬರ್ಲಿನ್ನಿನ ಗೋಡೆಗಳ ಮೇಲೂ ಭಿತ್ತಿಪತ್ರವಾಗಿ ಏರಿತು. ತನ್ನ ಹಿಂದೆ ಲಕ್ಷಾಂತರ ಜನರಿದ್ದಾರೆಂದು ಹಿಟ್ಲರ್ ಕೊಚ್ಚಿಕೊಂಡಾಗ, ಹಿಂದಕ್ಕೆ ಬಾಗಿದ ಅವನ ಅಂಗೈಗೆ ಬೃಹದಾಕಾರದ ಧನಿಕನೊಬ್ಬ ನೋಟುಗಳನ್ನಿಡುವಂತೆ ಚಿತ್ರಿಸಿ, ಹಿಂದಿರುವ ಲಕ್ಷಗಳು ಯಾವುವೆಂದು ತೋರಿಸಿದ. ಕಬ್ಬಿಣ ದೇಶವನ್ನು ಬಲಪಡಿಸುತ್ತದೆ, ಬೆಣ್ಣೆ ಜನರನ್ನು ಕೊಬ್ಬಿಸುತ್ತದಷ್ಟೆ ಎಂದು ಮಂತ್ರಿ ಗೋರಿಂಗ್ ಉಪದೇಶಿಸಿದ್ದಕ್ಕೆ 1935ರಲ್ಲಿ ಉತ್ತರ ಬಂತು. ಸಂಸಾರವೊಂದು ಊಟದ ಮೇಜಿಗೆ ಕುಳಿತು ಸೈಕಲ್ಲಿನ ಭಾಗಗಳನ್ನು ಅಗಿಯುತ್ತಿದೆ, ಕೂಸು ಕೊಡಲಿಯನ್ನು ಕಚ್ಚುತ್ತಿದೆ. ಓದುಬರಹ ಬಾರದವನಿಗೂ ಇದರ ಅರ್ಥವಾಗುತ್ತಿತ್ತು. ಆಡಳಿತ ಹೆದರಿದ್ದು ಈ ಕಾರಣಕ್ಕೇ.

1933ರ ಏಪ್ರಿಲ್‌ನಲ್ಲಿ ಹಿಟ್ಲರನ ಪಡೆಯವರು ಬಾಗಿಲು ಒಡೆದು ನುಗ್ಗಿದರು. ಹಾರ್ಟ್‌ಫೀಲ್ಡ್ ಮಹಡಿಯಿಂದ ಹಾರಿ, ಅಡಗಿದ್ದು, ಬೆಟ್ಟಗಳ ಹಾದಿಯಲ್ಲಿ ಗಡಿ ದಾಟಿ ಪ್ರಾಗ್ ಸೇರಿದ. ಪತ್ರಿಕೆಯೂ ಅಲ್ಲಿಗೆ ಬಂತು. ಹಿಂದೆ ಲಕ್ಷಗಟ್ಟಲೆ ಅಚ್ಚಾಗುತ್ತಿದ್ದದ್ದು ಈಗ ಕೆಲವೇ ಸಾವಿರಕ್ಕಿಳಿಯಿತು. 1934ರಲ್ಲಿ ಅಲ್ಲಿನ ಒಂದು ಪ್ರದರ್ಶನದಲ್ಲಿದ್ದ ಇವನ ಚಿತ್ರಗಳ ವಿರುದ್ಧ ಜರ್ಮನ್ ರಾಯಭಾರಿ ದೂರಿತ್ತು ಕೆಲವನ್ನು ತೆಗೆಸಿದ. ಅದೇ ವರ್ಷ ಈತನ ಪೌರತ್ವವೂ ರದ್ದಾಯಿತು. 1938ರಲ್ಲಿ ಮತ್ತೆ ಓಟ, ಈ ಸಲ ಲಂಡನ್ನಿಗೆ. ಇಂಗ್ಲಿಷ್ ಹೆಸರಿಟ್ಟುಕೊಂಡು ಪೆಟ್ಟು ತಿಂದವನನ್ನು 1940ರಲ್ಲಿ ಇಂಗ್ಲಿಷರು ಶತ್ರುದೇಶದವನೆಂದು ಶಿಬಿರದಲ್ಲಿ ಕೂಡಿಹಾಕಿದರು! ಕಾಯಿಲೆಬಿದ್ದ ಮೇಲೆ ಬಿಟ್ಟರು.

1950ರಲ್ಲಿ ಪೂರ್ವ ಜರ್ಮನಿಗೆ ಮರಳಿದ. ಕಮ್ಯುನಿಸ್ಟ್ ಪಕ್ಷದ ಆರಂಭದ ಸದಸ್ಯ ಈತ. ತನ್ನವರ ನಡುವೆ ಬಂದೆನೆಂದುಕೊಂಡಿರಬೇಕು. ಇಷ್ಟು ವರ್ಷ ಇಂಗ್ಲೆಂಡಿನಲ್ಲಿ ಏನು ಮಾಡುತ್ತಿದ್ದೆ ಎಂಬ ಶಂಕೆ ಅಲ್ಲಿ ಕಾದಿತ್ತು. ಕಲಾ ಅಕಾಡೆಮಿ ಬಾಗಿಲು ತೆರೆಯಲಿಲ್ಲ. ನಾಟಕಕಾರ ಬ್ರೆಕ್ಟ್ ಮೊದಲಾದವರು ಪಟ್ಟುಹಿಡಿದ ಮೇಲೆ 1956ರಲ್ಲಿ ಸದಸ್ಯತ್ವ ದೊರೆಯಿತು. ಒಂದು ಮಾತು ಹೇಳಲೇಬೇಕು: ಹಿಟ್ಲರನನ್ನು ಸೀಳಿದ ಆ ಕತ್ತರಿ ಸ್ಟಾಲಿನನ ಮೇಲೆ ಎಂದೂ ಆಡಲಿಲ್ಲ. ತನ್ನ ಪಕ್ಷದವರೇ ಸಂಶಯಪಟ್ಟಾಗಲೂ ಆತ ಅವರ ಕುರಿತು ಒಂದು ಚಿತ್ರ ಮಾಡಲಿಲ್ಲ. ಅಭಿಮಾನಿಗಳು ಇದನ್ನು ಮರೆಸುವುದು ಸರಿಯಲ್ಲ.

ಎರಡು ಬಾರಿ ಹೃದಯಾಘಾತವಾಗಿದ್ದ ಹಾರ್ಟ್‌ಫೀಲ್ಡ್ 1968ರ ಏಪ್ರಿಲ್ 26ರಂದು ಪೂರ್ವ ಬರ್ಲಿನ್‌ನಲ್ಲಿ ತೀರಿಕೊಂಡ. ಬ್ರೆಕ್ಟ್ ಮಲಗಿರುವ ಸ್ಮಶಾನದಲ್ಲೇ ಅವನ ಸಮಾಧಿ. ಮೂಲಚಿತ್ರಗಳು ಈಗ ಬರ್ಲಿನ್ನಿನ ಕಲಾ ಅಕಾಡೆಮಿಯ ಸಂಗ್ರಹದಲ್ಲಿವೆ. ಅಚ್ಚಿನಲ್ಲಿ ಮರೆಯಾದ ಕತ್ತರಿಯ ಅಂಚು, ಅಂಟಿನ ಗುರುತು, ತೀಡಿದ ಬಣ್ಣ ಅವುಗಳಲ್ಲಿ ಕಾಣುತ್ತವೆ.