ಡಾ. ಲಕ್ಷ್ಮಣಸ್ವಾಮಿ ಮುದಲಿಯಾರ್: ವಾಚ್ ಇಲ್ಲದ ಕಾಲದ ಬಸುರಿ ಆರೈಕೆ

ಗರ್ಭ ಧರಿಸುವ ಮೊದಲು ಋತುಚಕ್ರವನ್ನು, ಆಮೇಲೆ ಎದೆಬಡಿತ ಮತ್ತು ನಿದ್ರೆಯನ್ನು ಸ್ಮಾರ್ಟ್‌ವಾಚ್‌ನಲ್ಲಿ ಗಮನಿಸುವವರು ಈಗ ಹೆಚ್ಚುತ್ತಿದ್ದಾರೆ. ಆ ಅಂಕಿಗಳನ್ನು ಎಷ್ಟು ನಂಬಬೇಕು? ಚೆನ್ನೈನ ಹೆರಿಗೆ ವೈದ್ಯರೊಬ್ಬರ ಬದುಕನ್ನು ತಿಳಿದರೆ ಉತ್ತರ ಸುಲಭವಾಗುತ್ತದೆ.

ಯಾರು ಈ ವೈದ್ಯರು?

ಆರ್ಕಾಟ್ ಲಕ್ಷ್ಮಣಸ್ವಾಮಿ ಮುದಲಿಯಾರ್ 1887ರ ಅಕ್ಟೋಬರ್ 14ರಂದು ಕರ್ನೂಲಿನಲ್ಲಿ ಹುಟ್ಟಿದರು. ಅವರ ಅವಳಿ ಅಣ್ಣ ರಾಮಸ್ವಾಮಿ ಮುದಲಿಯಾರ್ 1946ರಿಂದ 1949ರವರೆಗೆ ಮೈಸೂರಿನ ದಿವಾನರಾಗಿದ್ದವರು. ಅಣ್ಣ ಕಾನೂನು ಓದಿದರೆ, ತಮ್ಮ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಪ್ರಸೂತಿ ತಜ್ಞರಾದರು. 1844ರಲ್ಲಿ ಆರಂಭವಾದ, ಈಗ ಎಗ್ಮೋರ್‌ನಲ್ಲಿರುವ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ದುಡಿದರು.

ಆಗ ಸ್ಕ್ಯಾನ್ ಇರಲಿಲ್ಲ. ಕೈಯಿಂದ ಹೊಟ್ಟೆ ಮುಟ್ಟಿ ನೋಡುವುದು, ಮಗುವಿನ ಎದೆಬಡಿತ ಕೇಳುವುದು, ರಕ್ತದೊತ್ತಡ, ತೂಕ, ಮೂತ್ರ ಪರೀಕ್ಷೆ, ಇವೇ ವೈದ್ಯರ ಆಧಾರ. ಇಂದಿನ ಅಂಕಿಯನ್ನು ಕಳೆದ ಭೇಟಿಯ ಅಂಕಿಯೊಂದಿಗೆ ಹೋಲಿಸಿದಾಗಲೇ ತೊಂದರೆಯ ಸುಳಿವು ಸಿಗುತ್ತಿತ್ತು.

1938ರಲ್ಲಿ ಅವರ ಪ್ರಸೂತಿಶಾಸ್ತ್ರದ ಪಠ್ಯಪುಸ್ತಕ ಹೊರಬಂತು. ಮುದಲಿಯಾರ್ ಮತ್ತು ಮೆನನ್ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳು ಅದನ್ನು ಇಂದಿಗೂ ಓದುತ್ತಾರೆ. 1939ರಲ್ಲಿ ಅವರು ತಾವು ಓದಿದ ಮೆಡಿಕಲ್ ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರಾದರು. 1942ರಿಂದ 27 ವರ್ಷ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. 1959ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 40,000ಕ್ಕಿಂತ ಹೆಚ್ಚು ಜನರ ಹೊಣೆ ಇರಬಾರದು ಎಂದು ಸಲಹೆ ನೀಡಿತು. 1961ರಲ್ಲಿ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷರೂ ಆದರು. 1974ರಲ್ಲಿ ನಿಧನರಾದರು.

ವಾಚ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಹೋಲಿಕೆಗೆ ವಾಚ್ ನೆರವಾಗುತ್ತದೆ. ಅಂಡ ಬಿಡುಗಡೆಯಾದ ನಂತರ ಮೈಬಿಸಿ ಸ್ವಲ್ಪ ಏರುವುದನ್ನು ಕೆಲವು ವಾಚ್‌ಗಳು ಗುರುತಿಸುತ್ತವೆ. ಗರ್ಭಿಣಿಯಲ್ಲಿ ವಿಶ್ರಾಂತಿಯ ಎದೆಬಡಿತ ನಿಮಿಷಕ್ಕೆ 10ರಿಂದ 20ರಷ್ಟು ಹೆಚ್ಚುವುದು ಸಹಜ. ಅದಕ್ಕೇ ಗಾಬರಿ ಬೇಡ.

ಆದರೆ ವಾಚ್ ಹಿಮೋಗ್ಲೋಬಿನ್ ನೋಡುವುದಿಲ್ಲ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ತಿಳಿಸುವುದಿಲ್ಲ. ಅದು ತೋರಿಸುವ ರಕ್ತದೊತ್ತಡ, ತೋಳಿಗೆ ಪಟ್ಟಿ ಸುತ್ತಿ ನೋಡುವ ಅಳತೆಗೆ ಬದಲಿಯಲ್ಲ. ಮಗುವಿನ ಚಲನೆ ತಾಯಿಗೇ ಗೊತ್ತಾಗಬೇಕು.

ಐದು ತಿಂಗಳ ನಂತರ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಅಥವಾ ಕೈ ಊದಿಕೊಳ್ಳುವುದು, ಪಕ್ಕೆಲುಬಿನ ಕೆಳಗೆ ನೋವು, 140/90 ಅಥವಾ ಅದಕ್ಕಿಂತ ಹೆಚ್ಚಿನ ರಕ್ತದೊತ್ತಡ, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತಸ್ರಾವವಾದರೆ, ಫಿಟ್ಸ್ ಬಂದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ತಡಮಾಡಬೇಡಿ. ಅಗತ್ಯವಿದ್ದರೆ 108ಕ್ಕೆ ಕರೆ ಮಾಡಿ. ವಾಚ್‌ನಲ್ಲಿ ಎಲ್ಲ ಸರಿಯಾಗಿ ಕಂಡರೂ ಕಾಯಬೇಡಿ.

ಫಾರ್ಮಸಿಸ್ಟ್ ಆಗಿ ಒಂದು ಮಾತು: ಬಸುರಿಯ ತಲೆನೋವಿಗೆ ಅಂಗಡಿಯಿಂದ ನೀವೇ ಮಾತ್ರೆ ತರಬೇಡಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮಗುವಿಗೆ ಹಾನಿ ಮಾಡಬಹುದು. ನೋವು ತಗ್ಗಿದರೂ ರಕ್ತದೊತ್ತಡ ಹಾಗೇ ಉಳಿದಿರಬಹುದು.

ತಪಾಸಣೆಗೆ ಹೋಗುವಾಗ ತಾಯಿ ಕಾರ್ಡ್, ನುಂಗುವ ಮಾತ್ರೆಗಳ ಪಟ್ಟಿ ಮತ್ತು ವಾಚ್‌ನಲ್ಲಿ ಕಂಡ ಬದಲಾವಣೆಗಳನ್ನು ಬರೆದ ಚೀಟಿ ಒಯ್ಯಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ.