ಸರ್ ರೊನಾಲ್ಡ್ ರಾಸ್

ಮಳೆಗಾಲ ಕಳೆಯುತ್ತಲೇ ಚಳಿಜ್ವರವು ಹಳ್ಳಿಹಳ್ಳಿಗಳನ್ನು ಮುತ್ತಿ, ದುಡಿಯುವವರನ್ನು ಹಾಸಿಗೆಗೆ ಕೆಡಹುತ್ತಿದ್ದ ಕಾಲವೊಂದಿತ್ತು. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಜನರು ನಂಬಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೂ ಕೆಟ್ಟ ಗಾಳಿಯೆಂದೇ. ನಿಂತ ನೀರಿಗೂ ಈ ಜ್ವರಕ್ಕೂ ಇರುವ ನಿಜವಾದ ನಂಟನ್ನು ಬಿಡಿಸಿ ತೋರಿಸಿದವರಲ್ಲಿ ರೊನಾಲ್ಡ್ ರಾಸ್ ಅಗ್ರಗಣ್ಯನು.

ರಾಸ್ 1857ರ ಮೇ 13ರಂದು ಹಿಮಾಲಯದ ಅಲ್ಮೋರಾದಲ್ಲಿ ಜನಿಸಿದನು. ತಂದೆ ಸೇನಾಧಿಕಾರಿ. ಬಾಲಕನಿಗೆ ಕಾವ್ಯ, ಸಂಗೀತ, ಗಣಿತಗಳಲ್ಲಿ ಒಲವಿತ್ತು. ಆದರೂ ತಂದೆಯ ಇಚ್ಛೆಯಂತೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದನು.

1883ರಲ್ಲಿ ಅವನು ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದನು. ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ಕಿಟಕಿಯ ಬಳಿಯಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಯ ಮರಿಗಳು ಹೊರಳಾಡುತ್ತಿರುವುದನ್ನು ಕಂಡು ಆ ನೀರನ್ನು ಚೆಲ್ಲಿಸಿದನು. ಸೊಳ್ಳೆಗಳು ಕಡಿಮೆಯಾದವು. ಇತರೆಡೆಯೂ ಹೀಗೆಯೇ ಮಾಡೋಣವೆಂದಾಗ ಮೇಲಿನವರು ಒಪ್ಪಲಿಲ್ಲ. ಆದರೆ ಆ ತೊಟ್ಟಿ ಕಲಿಸಿದ ಪಾಠವನ್ನು ರಾಸ್ ಮರೆಯಲಿಲ್ಲ.

ಮಲೇರಿಯಾ ರೋಗಿಗಳ ರಕ್ತದಲ್ಲಿ ಸೂಕ್ಷ್ಮಜೀವಿಗಳಿರುವುದನ್ನು ಲಾವೆರಾನ್ ಎಂಬ ಫ್ರೆಂಚ್ ವೈದ್ಯನು 1880ರಲ್ಲಿಯೇ ಕಂಡಿದ್ದನು. ಅವುಗಳನ್ನು ಸೊಳ್ಳೆಯು ಹೊತ್ತೊಯ್ಯುತ್ತಿರಬಹುದೆಂಬ ಊಹೆಯನ್ನು 1894ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯನು ರಾಸನ ಮುಂದಿಟ್ಟನು. ಮರುವರ್ಷ ರಾಸ್ ಭಾರತಕ್ಕೆ ಮರಳಿ ಸಂಶೋಧನೆಗೆ ತೊಡಗಿದನು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದುದರಿಂದ ನಗರನೈರ್ಮಲ್ಯದ ಹೊಣೆ ಅವನ ಮೇಲೆ ಬಿದ್ದಿತು. 1897ರಲ್ಲಿ ನೀಲಗಿರಿ ಪ್ರದೇಶದಲ್ಲಿ ಅವನಿಗೇ ಮಲೇರಿಯಾ ತಗಲಿತು. ಆದರೂ ಅವನು ಎದೆಗುಂದಲಿಲ್ಲ.

ಅದೇ ವರ್ಷ ಅವನು ಹೈದರಾಬಾದ್ ಸಂಸ್ಥಾನದ ಸಿಕಂದರಾಬಾದಿಗೆ ಬಂದನು. ಇಂದಿನ ನಮ್ಮ ಬೀದರ ಜಿಲ್ಲೆಯೂ ಅಂದು ಆ ಸಂಸ್ಥಾನಕ್ಕೆ ಸೇರಿತ್ತು. ಹುಸೇನ್ ಖಾನನೆಂಬ ರೋಗಿಯು ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಅವುಗಳಿಂದ ಕಚ್ಚಿಸಿಕೊಂಡನು. ಸೀಳಿದ ಸೊಳ್ಳೆಗಳು ಹಾರಿಹೋಗದಿರಲೆಂದು ಸುಡುವ ಸೆಕೆಯಲ್ಲಿಯೂ ರಾಸ್ ಪಂಖವನ್ನು ಬೀಸಗೊಡಲಿಲ್ಲ. ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಕೊನೆಗೆ ಆಗಸ್ಟ್ 20ರಂದು, ಚುಕ್ಕೆರೆಕ್ಕೆಯ ಸೊಳ್ಳೆಯೊಂದರ ಜಠರದಲ್ಲಿ ಮಲೇರಿಯಾದ ಜೀವಿಗಳು ಗೋಚರಿಸಿದವು.

ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವು ಸೊಳ್ಳೆಯ ಜೊಲ್ಲಿನ ಮೂಲಕ ಹರಡುವುದೆಂದು ರಾಸ್ ಸ್ಥಾಪಿಸಿದನು. ಮಹಮ್ಮದ್ ಬಕ್ಷ್, ಕಿಶೋರಿ ಮೋಹನ ಬಂದ್ಯೋಪಾಧ್ಯಾಯ ಮೊದಲಾದ ಭಾರತೀಯರು ಅವನಿಗೆ ನೆರವಾದರು. ಮನುಷ್ಯರ ಮಲೇರಿಯಾ ಹರಡುವ ಬಗೆಯನ್ನು ಇಟಲಿಯ ವಿಜ್ಞಾನಿಗಳು ಖಚಿತಪಡಿಸಿದರು. 1902ರಲ್ಲಿ ರಾಸನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ನೀರು, ಸೊಳ್ಳೆ, ರೋಗಿ, ಆರೋಗ್ಯವಂತ ಇವರೆಲ್ಲರೂ ಒಂದೇ ಬಲೆಯ ಗಂಟುಗಳೆಂಬುದನ್ನು ರಾಸ್ ಅರಿತನು. ಬಾಲ್ಯದ ಗಣಿತಪ್ರೇಮ ಈಗ ಫಲಿಸಿತು. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಇಳಿದರೆ ರೋಗವು ತಾನಾಗಿಯೇ ನಂದುವುದೆಂದು ಅವನು ಲೆಕ್ಕಹಾಕಿ ತೋರಿಸಿದನು. ಪರಿಸರಕ್ಕೂ ಆರೋಗ್ಯಕ್ಕೂ ಇರುವ ನಂಟುಗಳ ಜಾಲವನ್ನು ಇಂದಿನ ವಿಜ್ಞಾನಿಗಳು ಗಣಕಯಂತ್ರಗಳ ನೆರವಿನಿಂದ ಬಿಡಿಸುತ್ತಿರುವುದೂ ಇಂಥದೇ ಹಾದಿಯಲ್ಲಿ.

1932ರ ಸೆಪ್ಟೆಂಬರ್ 16ರಂದು ರಾಸ್ ಲಂಡನ್ನಿನಲ್ಲಿ ನಿಧನನಾದನು. ಬೆಂಗಳೂರಿನ ಬಂಗಲೆಯಲ್ಲಾಗಲಿ, ಬೀದರ ಸೀಮೆಯ ಜನವಾಡದ ಮನೆಯಂಗಳದಲ್ಲಾಗಲಿ, ನಿಂತ ನೀರನ್ನು ಚೆಲ್ಲುವ ಕೈ ಆ ಬಲೆಯ ಒಂದು ಗಂಟನ್ನು ಬಿಚ್ಚುತ್ತದೆ.