ಕೆರೆಯ ಕಾಯಕದ ಸಿದ್ಧರಾಮೇಶ್ವರರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಹಿರಿಯರಿಗೆ ಊರ ಕೆರೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಏರಿಯ ಮೇಲಿನ ಅರಳಿಕಟ್ಟೆ, ತೂಬಿನ ಪಕ್ಕದ ಗುಡಿ, ದನಗಳು ನೀರಿಗೆ ಇಳಿಯುವ ದಾರಿ, ಇವು ಎಲ್ಲಿರಬೇಕೆಂದು ಊರವರೇ ಕೂಡಿ ತೀರ್ಮಾನಿಸುತ್ತಿದ್ದರು. ಅಂತಹ ಕೆಲಸವನ್ನೇ ಶಿವಪೂಜೆಯೆಂದು ತಿಳಿದವರು ಹನ್ನೆರಡನೆಯ ಶತಮಾನದ ಶರಣ ಸೊನ್ನಲಿಗೆಯ ಸಿದ್ಧರಾಮೇಶ್ವರರು.

ಸೊನ್ನಲಿಗೆಯೆಂದರೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ. ತಂದೆ ಮುದ್ದುಗೌಡ, ತಾಯಿ ಸುಗ್ಗಲೆ. ಬಾಲಕನು ಮಲ್ಲಯ್ಯನನ್ನು ಹುಡುಕುತ್ತಾ ಅಳುತ್ತಾ ಶ್ರೀಶೈಲಕ್ಕೆ ಹೋದ ಕಥೆಯನ್ನು ರಾಘವಾಂಕ ಕವಿಯು ಸಿದ್ಧರಾಮ ಚಾರಿತ್ರದಲ್ಲಿ ಹೃದಯ ಕರಗುವಂತೆ ಹೇಳಿದ್ದಾನೆ. ಮಲ್ಲಿಕಾರ್ಜುನನ ದರ್ಶನವಾಯಿತು. ಆದರೂ ಬಾಲಕನು ಬೆಟ್ಟದಲ್ಲೇ ಉಳಿಯಲಿಲ್ಲ. ದೇವರ ಅಪ್ಪಣೆ ಹೊತ್ತು ಮರಳಿ ಬಂದು, ತನ್ನ ಊರನ್ನೇ ಇನ್ನೊಂದು ಶ್ರೀಶೈಲವಾಗಿಸಲು ನಿಂತನು.

ದೇಗುಲವೆದ್ದಿತು. ಊರ ಸುತ್ತಲೂ 68 ಲಿಂಗಗಳು ನೆಲೆಗೊಂಡವು. ಎಲ್ಲಕ್ಕಿಂತ ಮಿಗಿಲಾದುದು ಕೆರೆ. ಶಿಷ್ಯರು, ಭಕ್ತರು ಗುದ್ದಲಿ ಹಿಡಿದರು, ಮಣ್ಣಿನ ಬುಟ್ಟಿ ಹೊತ್ತರು. ಗುರುವೂ ಅವರೊಡನೆ ನಿಂತರು. ಕೂಲಿ ಕೊಟ್ಟು ತೋಡಿಸಿದ ಕೆರೆಯಾಗಿದ್ದರೆ ಅದು ಕೊಟ್ಟವನ ಕೆರೆಯಾಗುತ್ತಿತ್ತು. ಮಣ್ಣು ಹೊತ್ತವನಿಗೆ ಮಾತ್ರ ಅದು ತನ್ನದೆಂಬ ಅಭಿಮಾನ ಹುಟ್ಟುವುದು. ಇಂದು ಯಂತ್ರ ಬಂದು ಹೂಳೆತ್ತಿ ಹೋದ ಮೇಲೆ ಏರಿಯ ಕಡೆ ತಿರುಗಿಯೂ ನೋಡದ ನಾವು ಇದನ್ನು ಯೋಚಿಸಬೇಕು.

ಅಲ್ಲಿಗೆ ಅಲ್ಲಮಪ್ರಭುಗಳು ಬಂದರು. ಸಿದ್ಧರಾಮರನ್ನು ಒಡ್ಡನೆಂದು ಕರೆದು ಕೆಣಕಿದರು. ಶಿಷ್ಯರು ಸಿಟ್ಟಿಗೆದ್ದು ಕಲ್ಲೆಸೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಪ್ರಭುಗಳು ಕೆರೆಯನ್ನು ಹಳಿದರೆಂದು ಕೆಲವರು ಭಾವಿಸುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಅವರು ಕೇಳಿದ್ದು ಕೆರೆಯ ಲೆಕ್ಕವನ್ನಲ್ಲ, ಕಟ್ಟಿದೆನೆಂಬ ಹಮ್ಮಿನ ಲೆಕ್ಕವನ್ನು. ಸಿದ್ಧರಾಮರು ಆ ಮಾತಿಗೆ ಬಾಗಿದರು. ಪ್ರಭುಗಳೊಡನೆ ಕಲ್ಯಾಣಕ್ಕೆ ಹೋಗಿ, ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಮುಂದೆ ಶೂನ್ಯಪೀಠವನ್ನೂ ಏರಿದರು. ಅಷ್ಟಾದರೂ ಕೆರೆ ಬತ್ತಲೆಂದು ಅವರು ಬಿಡಲಿಲ್ಲ.

ಕೆಣಕಲು ಆಡಿದ ಆ ಮಾತು ಕಾಲಾಂತರದಲ್ಲಿ ಗೌರವವಾಯಿತು. ಮಣ್ಣು ಅಗೆದು, ಕಲ್ಲು ಒಡೆದು ನಾಡಿನ ಕೆರೆಕಟ್ಟೆಗಳಿಗೆ ಬೆವರು ಸುರಿಸಿದ ಬೋವಿ ಸಮಾಜದವರು ಸಿದ್ಧರಾಮೇಶ್ವರರನ್ನು ತಮ್ಮ ಗುರುವೆಂದು ಪೂಜಿಸುತ್ತಾರೆ.

ಸೊಲ್ಲಾಪುರದಲ್ಲಿ ಕೆರೆಯ ನಡುವೆ ದೇಗುಲವಿದೆ, ಅಲ್ಲಿಯೇ ಶರಣರ ಗದ್ದುಗೆಯೂ ಇದೆ. ಪ್ರತಿವರ್ಷ ಸಂಕ್ರಾಂತಿಯ ಜಾತ್ರೆಯಲ್ಲಿ ಭಕ್ತರು ಎತ್ತರದ ನಂದಿಧ್ವಜಗಳನ್ನು ಹೊತ್ತು, ಊರ ಸುತ್ತಲಿನ ಆ 68 ಲಿಂಗಗಳ ದರ್ಶನಕ್ಕೆ ಹೊರಡುತ್ತಾರೆ.